ಕಲ್ಪಿತ ಯಂತ್ರವೂ ಅದು ಬಾಳುವ ಪರಿಸರವೂ

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬರ ಶಾಸನ, ಹೊಯ್ಸಳರ ಶಿಲ್ಪ, ಏಕೀಕರಣದ ಹೋರಾಟ ಇವುಗಳನ್ನು ಕುರಿತ ಲೇಖನಗಳಿರುವುದು ವಾಡಿಕೆ. ಅವುಗಳ ನಡುವೆ ಗಣಕಯಂತ್ರದ ಇತಿಹಾಸವನ್ನು ತಂದಿಡುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ಅದರಲ್ಲಿಯೂ ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ.; ಜಮಾಖರ್ಚಿನ ವಿದ್ಯೆಯಲ್ಲದೆ ಯಂತ್ರವಿದ್ಯೆ ನಮ್ಮದಲ್ಲ. ಆದರೂ ಹೋದ ವರ್ಷ ನಮ್ಮ ಸಂಘದಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನಮ್ಮನ್ನು ಈ ದಾರಿಗೆ ಎಳೆಯಿತು. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಸಂಘವನ್ನು ಕಟ್ಟಿ ಬೆಳೆಸಿದ ಹಿರಿಯರ ಹೆಸರುಗಳನ್ನು ರಾಜ್ಯೋತ್ಸವದ ದಿನ ಸಭಾಂಗಣದ ಪರದೆಯ ಮೇಲೆ ಒಂದಾದಮೇಲೊಂದರಂತೆ ತೋರಿಸಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಗಿತ್ತು. ಕಾರ್ಯದರ್ಶಿಗಳ ಸೋದರಳಿಯ ಇಂಜಿನಿಯರಿಂಗ್ ಓದುವ ಹುಡುಗ. ಅವನು ಜಾವಾ ಎಂಬ ಭಾಷೆಯಲ್ಲಿ ಅದಕ್ಕೊಂದು ಪ್ರೋಗ್ರಾಂ ಬರೆದು ತಂದನು. ಅವನ ಮನೆಯಲ್ಲಿ ಅದು ಸೊಗಸಾಗಿ ನಡೆದಿತ್ತು. ಸಂಘದಲ್ಲಿದ್ದುದು ಯಾರೋ ಮಹನೀಯರು ದಾನವಾಗಿ ಕೊಟ್ಟ ಹಳೆಯ ಕಂಪ್ಯೂಟರು. ಅದರಲ್ಲಿ ಲಿನಕ್ಸನ್ನು ಬಹಳ ಮಿತವಾಗಿ ಹಾಕಲಾಗಿತ್ತು. ಪ್ರೋಗ್ರಾಂ ಮೊದಲು ಅಲುಗಲೇ ಇಲ್ಲ. 'ಜಾವಾ ಇಲ್ಲ' ಎಂದಿತು. ಹುಡುಗನು ಜಾವಾವನ್ನು ತರಿಸಿ ಹಾಕಿದನು. ಆಗ ನಡೆಯಿತು, ಆದರೆ ಹೆಸರುಗಳಿರಬೇಕಾದ ಕಡೆ ಸಾಲು ಸಾಲಾಗಿ ಖಾಲಿ ಚೌಕಗಳು!

ಮುಂದಿನ ಸಾಲಿನಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜಿ ಕುಳಿತಿದ್ದರು. ಮದುವೆಯಾಗಿ ಮುಂಬಯಿಗೆ ಬಂದವರು. ತೀರಿಕೊಂಡ ಅವರ ಯಜಮಾನರ ಹೆಸರು ಆ ಪಟ್ಟಿಯಲ್ಲಿತ್ತು. ಅವರು ಪರದೆಯನ್ನು ನೋಡುತ್ತ ನೋಡುತ್ತ, "ಇದರಾಗ ನಮ್ಮ ಮನಿಯವರ ಹೆಸರು ಯಾವ ಡಬ್ಬ್ಯಾಗ ಅದ, ತಮ್ಮಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಹುಡುಗನ ಮುಖ ಸಣ್ಣದಾಯಿತು. ಆಮೇಲೆ ನಮ್ಮ ಹತ್ತಿರ ಬಂದು, "ಅಣ್ಣಾ, ವರ್ಚುಯಲ್ ಮೆಷೀನು ಸರಿಯಾಗಿಯೇ ಇತ್ತು. ಎನ್ವಿರಾನ್‌ಮೆಂಟಿನಲ್ಲಿ ಕನ್ನಡ ಅಕ್ಷರ ಇರಲಿಲ್ಲ" ಎಂದನು.

ನಾವು ಅದುವರೆಗೆ ಆ ಎರಡು ಮಾತುಗಳೂ ಒಂದೇ ಎಂದು ತಿಳಿದಿದ್ದೆವು. ಒಂದೇ ಆಗಿದ್ದರೆ ಒಂದು ಸರಿಯಿದ್ದು ಇನ್ನೊಂದು ಕೆಡುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಓದಿ ತಿಳಿದುದನ್ನು, ನಮ್ಮಂತೆಯೇ ಈ ವಿದ್ಯೆಗೆ ಹೊರಗಿನವರಾದ ವಾಚಕರ ಮುಂದೆ ಇಡುತ್ತಿದ್ದೇವೆ.

ಎರಡು ಮಾತುಗಳ ಅರ್ಥ

ವರ್ಚುಯಲ್ ಮೆಷೀನ್ ಎಂದರೆ ಕಲ್ಪಿತ ಯಂತ್ರ. ಕಬ್ಬಿಣ, ತಾಮ್ರ, ಸಿಲಿಕಾನುಗಳಿಂದ ಮಾಡಿದ್ದಲ್ಲ. ಒಂದು ಪ್ರೋಗ್ರಾಮಿನ ಬಲದಿಂದ ಯಂತ್ರದಂತೆ ವರ್ತಿಸುವುದು. ರನ್‌ಟೈಮ್ ಎನ್ವಿರಾನ್‌ಮೆಂಟ್ ಎಂದರೆ ಪ್ರೋಗ್ರಾಂ ನಡೆಯುವ ಹೊತ್ತಿನಲ್ಲಿ ಅದರ ಸುತ್ತ ಇರಬೇಕಾದ ಎಲ್ಲದರ ಒಟ್ಟು, ಅಂದರೆ ಚಾಲನೆಯ ಪರಿಸರ.

ಬ್ಯಾಂಕಿನವರಾದ ನಮಗೆ ಇದು ನಮ್ಮ ವೃತ್ತಿಯ ದೃಷ್ಟಾಂತದಿಂದಲೇ ತಿಳಿಯಾಯಿತು. ಏಕೀಕರಣಕ್ಕೆ ಮುಂಚೆ ಹೈದರಾಬಾದು ಸಂಸ್ಥಾನದಲ್ಲಿದ್ದ ನಮ್ಮ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳಲ್ಲಿ ಹಾಲಿ ಸಿಕ್ಕಾ ಎಂಬ ನಾಣ್ಯ ನಡೆಯುತ್ತಿತ್ತು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ವಿಜಾಪುರಗಳಲ್ಲಿ ಬ್ರಿಟಿಷ್ ಸರಕಾರದ ರೂಪಾಯಿ. ಒಂದು ಕಡೆಯ ನಾಣ್ಯಕ್ಕೆ ಇನ್ನೊಂದು ಕಡೆ ವಟ್ಟ ಕೊಟ್ಟು ಬದಲಾಯಿಸಿಕೊಳ್ಳಬೇಕಾಗಿತ್ತು. ಗಣಕಯಂತ್ರಗಳ ಸ್ವಂತ ಭಾಷೆ ಇಂಥ ನಾಣ್ಯ. ಒಂದು ಜಾತಿಯ ಯಂತ್ರಕ್ಕೆ ಬರೆದ ಆಜ್ಞೆಗಳು ಬೇರೆ ಜಾತಿಯ ಯಂತ್ರದಲ್ಲಿ ಸಲ್ಲುವುದಿಲ್ಲ.

ಡಿಮಾಂಡ್ ಡ್ರಾಫ್ಟಿನ ರೀತಿ ಬೇರೆ. ಧಾರವಾಡದ ಶಾಖೆಯಲ್ಲಿ ಬರೆದ ಡ್ರಾಫ್ಟು ಮುಂಬಯಿಯಲ್ಲಿ ಹಣವಾಗುತ್ತದೆ. ಡ್ರಾಫ್ಟು ತಾನಾಗಿ ಹಣವಲ್ಲ. ಗೊತ್ತಾದ ಒಂದು ಕ್ರಮದಲ್ಲಿ ಬರೆದ ಆಜ್ಞೆ. ಬ್ಯಾಂಕಿನ ನಿಯಮ ಬಲ್ಲ ಗುಮಾಸ್ತನೊಬ್ಬನು ಅದನ್ನು ಓದಿ, ಪರೀಕ್ಷಿಸಿ, ಆಜ್ಞೆಯಂತೆ ನಡೆದುಕೊಳ್ಳಬೇಕು. ಈ ಗುಮಾಸ್ತನೇ ಕಲ್ಪಿತ ಯಂತ್ರ. ಆದರೆ ಗುಮಾಸ್ತನೊಬ್ಬನನ್ನೇ ಬಯಲಿನಲ್ಲಿ ಕುಳ್ಳಿರಿಸಿದರೆ ಕೆಲಸವಾದೀತೆ? ಅವನಿಗೆ ತಿಜೋರಿ ಬೇಕು, ಮಾದರಿ ಸಹಿಗಳ ಪುಸ್ತಕ ಬೇಕು, ಲೆಡ್ಜರು ಬೇಕು, ಮುದ್ರೆ ಬೇಕು. ಇವೆಲ್ಲವೂ ಸೇರಿ, ಗುಮಾಸ್ತನೂ ಸೇರಿ, ಶಾಖೆಯೆನಿಸುತ್ತದೆ. ಶಾಖೆಯೇ ಚಾಲನೆಯ ಪರಿಸರ.

ಹೀಗೆ ನೋಡಿದರೆ ಪರಿಸರವೇ ದೊಡ್ಡದು. ಕಲ್ಪಿತ ಯಂತ್ರವಿರುವಲ್ಲಿ ಅದು ಪರಿಸರದೊಳಗಿನ ಒಂದು ಅಂಗ. ಕಲ್ಪಿತ ಯಂತ್ರವಿಲ್ಲದ ಪರಿಸರ ಉಂಟು. ಪರಿಸರವಿಲ್ಲದೆ ಕೆಲಸಮಾಡುವ ಕಲ್ಪಿತ ಯಂತ್ರವಿಲ್ಲ. ಇದು ಸಾರ. ಆದರೆ ಈ ಎರಡು ಕಲ್ಪನೆಗಳೂ ಒಂದೇ ಊರಿನಲ್ಲಿ, ಒಂದೇ ಕಾರಣಕ್ಕೆ ಹುಟ್ಟಿದವಲ್ಲ. ಅವುಗಳ ಕಥೆಯಲ್ಲಿಯೇ ಸ್ವಾರಸ್ಯವಿದೆ.

ಪರಿಸರವೇ ಹಿರಿಯದು

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಕಟ್ಟಿದ ಎಡ್‌ಸ್ಯಾಕ್ ಯಂತ್ರವು ೧೯೪೯ರ ಮೇ ೬ರಂದು ಮೊದಲ ಬಾರಿಗೆ ಲೆಕ್ಕ ಮಾಡಿತು. ಅದರ ಪ್ರೋಗ್ರಾಮುಗಳು ತೂತು ಹೊಡೆದ ಕಾಗದದ ಪಟ್ಟಿಗಳಲ್ಲಿರುತ್ತಿದ್ದವು. ವರ್ಗಮೂಲ ತೆಗೆಯುವುದು, ಉತ್ತರವನ್ನು ಅಚ್ಚು ಹಾಕುವುದು ಮುಂತಾದ ಕೆಲಸಗಳು ಪ್ರತಿಯೊಂದು ಲೆಕ್ಕದಲ್ಲಿಯೂ ಬರುತ್ತವೆ. ಪ್ರತಿಯೊಬ್ಬನೂ ಪ್ರತಿಸಲವೂ ಅದನ್ನು ಹೊಸದಾಗಿ ಬರೆಯುವುದು ವ್ಯರ್ಥ ಶ್ರಮ, ತಪ್ಪಿಗೂ ದಾರಿ. ಆದುದರಿಂದ ಒಮ್ಮೆ ಸರಿಯಾಗಿ ಬರೆದ ಪಟ್ಟಿಗಳನ್ನು ಒಂದು ಬೀರುವಿನಲ್ಲಿ ಜೋಡಿಸಿಟ್ಟರು. ಬೇಕಾದವರು ಬೇಕಾದ ಪಟ್ಟಿಯನ್ನು ನಕಲು ತೆಗೆದು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದರು. ೧೯೫೧ರ ಹೊತ್ತಿಗೆ ಆ ಭಂಡಾರದಲ್ಲಿ ೮೭ ಉಪಕ್ರಮಗಳು ಸೇರಿದ್ದವು. ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಮೂವರೂ ಸೇರಿ ಆ ವರ್ಷವೇ ಅದರ ವಿಷಯವಾಗಿ ಪುಸ್ತಕವನ್ನೂ ಪ್ರಕಟಿಸಿದರು.

ಆ ಬೀರುವೇ ಚಾಲನೆಯ ಪರಿಸರದ ಬೀಜ ಎಂದರೆ ತಪ್ಪಾಗಲಾರದು. ನಮ್ಮ ಪ್ರೋಗ್ರಾಂ ನಾವು ಬರೆದಷ್ಟೇ ಅಲ್ಲ. ಬೇರೆಯವರು ಮೊದಲೇ ಬರೆದಿಟ್ಟದ್ದರ ಮೇಲೆ ಅದು ನಿಂತಿರುತ್ತದೆ ಎಂಬ ಅರಿವು ಅಲ್ಲಿ ಮೊಳೆಯಿತು.

ಅಮೆರಿಕದಲ್ಲಿ ಜಾನ್ ಬ್ಯಾಕಸ್ ಅವರ ತಂಡವು ಐ.ಬಿ.ಎಂ. ೭೦೪ ಯಂತ್ರಕ್ಕಾಗಿ ೧೯೫೭ರಲ್ಲಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಿತು. ಗಣಿತದ ಸೂತ್ರದಂತೆ ಬರೆದುದನ್ನು ಅದರ ಕಂಪೈಲರು ಯಂತ್ರದ ಸ್ವಂತ ಭಾಷೆಗೆ ತಿರುಗಿಸುತ್ತಿತ್ತು. ನಡುವೆ ಕಲ್ಪಿತ ಯಂತ್ರವಿಲ್ಲ. ಆದರೂ ಓದುವ, ಅಚ್ಚು ಹಾಕುವ ಕೆಲಸಗಳಿಗೆ ಸಿದ್ಧಪಡಿಸಿಟ್ಟ ಉಪಕ್ರಮಗಳು ಜೊತೆಗಿರಲೇಬೇಕಾಗಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ಬೆಲ್ ಪ್ರಯೋಗಾಲಯದ ಡೆನಿಸ್ ರಿಚೀ ಅವರು ಮಾಡಿದ ಸಿ ಭಾಷೆಯಲ್ಲಿಯೂ ಹೀಗೆಯೇ. ಸಿ ಪ್ರೋಗ್ರಾಂ 'ಮೇನ್' ಎಂಬ ಕಡೆ ಪ್ರಾರಂಭವಾಗುತ್ತದೆಂದು ಪಾಠದಲ್ಲಿ ಹೇಳಿಕೊಡುತ್ತಾರೆ. ವಾಸ್ತವವಾಗಿ ಅದಕ್ಕೆ ಮುಂಚೆಯೇ ಒಂದು ಚಿಕ್ಕ ಕ್ರಮ ಎದ್ದು, ಬೇಕಾದುದನ್ನು ಅಣಿಗೊಳಿಸಿ, 'ಮೇನ್'ಅನ್ನು ಕರೆಯುತ್ತದೆ. ಅದು ಮುಗಿದಮೇಲೆ ಬಾಗಿಲು ಹಾಕುವುದೂ ಅದೇ. ಬೆಳಿಗ್ಗೆ ಮೊದಲು ಬಂದು ಶಾಖೆಯ ಬೀಗ ತೆಗೆದು, ದೀಪ ಹಾಕಿ, ಸಂಜೆ ಕಡೆಯಲ್ಲಿ ಹೋಗುವ ಜವಾನನನ್ನು ಗಿರಾಕಿಗಳು ಕಾಣುವುದೇ ಇಲ್ಲ. ಅಂದಮಾತ್ರಕ್ಕೆ ಅವನು ಇಲ್ಲವೆಂದಲ್ಲ.

ವಠಾರದ ಯಂತ್ರ

ಇನ್ನು ಕಲ್ಪಿತ ಯಂತ್ರದ ಕಡೆಗೆ ಬರೋಣ. ಇದಕ್ಕೆ ಎರಡು ವಂಶಗಳುಂಟು. ಮೊದಲನೆಯದು ಅಮೆರಿಕದ ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಬೆಳೆಯಿತು. ಹಿಂದೆ ಹೇಳಿದ ಇಂಗ್ಲೆಂಡಿನ ಕೇಂಬ್ರಿಜ್ ಅಲ್ಲ.

ಐ.ಬಿ.ಎಂ. ಕಂಪೆನಿಯು ೧೯೬೪ರ ಏಪ್ರಿಲ್‌ನಲ್ಲಿ ಸಿಸ್ಟಂ/೩೬೦ ಎಂಬ ಯಂತ್ರಗಳ ಸಾಲನ್ನು ಪ್ರಕಟಿಸಿತು. ಆಗ ಒಂದು ಯಂತ್ರದ ಬೆಲೆ ಅಪಾರ. ಅನೇಕರು ಹಂಚಿಕೊಂಡು ಉಪಯೋಗಿಸದೆ ಗತ್ಯಂತರವಿರಲಿಲ್ಲ. ಹಂಚಿಕೊಳ್ಳುವುದು ಹೇಗೆ? ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಹಿಡಿದ ದಾರಿ ವಿಲಕ್ಷಣವಾದುದು. ಪ್ರತಿಯೊಬ್ಬನಿಗೂ ಯಂತ್ರದ ಒಂದು ಪಾಲನ್ನು ಕೊಡುವ ಬದಲು, 'ಇಡೀ ಯಂತ್ರವೇ ನನ್ನದು' ಎಂಬ ಭ್ರಮೆಯನ್ನೇ ಕೊಟ್ಟುಬಿಟ್ಟರು! ಸಿ.ಪಿ.-೪೦ ಎಂಬ ಈ ಏರ್ಪಾಡು ೧೯೬೭ರ ಜನವರಿಯಲ್ಲಿ ನಿತ್ಯದ ಬಳಕೆಗೆ ಬಂತು. ಮಾದರಿ ೪೦ರ ಒಂದೇ ಯಂತ್ರವನ್ನು ಸ್ವಲ್ಪ ತಿದ್ದಿ, ಅದರೊಳಗೆ ಏಕಕಾಲಕ್ಕೆ ೧೪ ಕಲ್ಪಿತ ಯಂತ್ರಗಳನ್ನು ಅದು ನಡೆಸಬಲ್ಲದಾಗಿತ್ತು.

ಮುಂಬಯಿಯ ಚಾಳಿನಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಒಂದೇ ಕಟ್ಟಡ, ಒಂದೇ ನಲ್ಲಿ. ಒಳಗೆ ಪ್ರತಿಯೊಂದು ಸಂಸಾರಕ್ಕೂ ಅದೇ ಸ್ವಂತ ಮನೆ. ವ್ಯತ್ಯಾಸವೆಂದರೆ, ಚಾಳಿನಲ್ಲಿ ಪಕ್ಕದ ಮನೆಯ ಒಗ್ಗರಣೆ ನಮ್ಮ ಮೂಗಿಗೆ ಬರುತ್ತದೆ, ಸಿ.ಪಿ.-೪೦ರಲ್ಲಿ ಒಬ್ಬನ ಯಂತ್ರ ಕೆಟ್ಟು ನಿಂತರೂ ಪಕ್ಕದವನಿಗೆ ಅದರ ಸುಳಿವಿರಲಿಲ್ಲ.

ಇದು ವಿ.ಎಂ./೩೭೦ ಎಂಬ ಹೆಸರಿನಿಂದ ೧೯೭೨ರಲ್ಲಿ ಗಿರಾಕಿಗಳಿಗೆ ದೊರೆಯಿತು. ೧೯೭೪ರಲ್ಲಿ ಜೆರಾಲ್ಡ್ ಪೋಪೆಕ್, ರಾಬರ್ಟ್ ಗೋಲ್ಡ್‌ಬರ್ಗ್ ಎಂಬಿಬ್ಬರು ಇಂಥ ಕಲ್ಪಿತ ಯಂತ್ರಕ್ಕೆ ಲಕ್ಷಣ ಹೇಳಿದರು: ಅದು ನಿಜವಾದ ಯಂತ್ರದ ಪ್ರತಿರೂಪವಾಗಿರಬೇಕು, ಇತರರಿಂದ ಬೇರೆಯಾಗಿರಬೇಕು, ವೇಗದಲ್ಲಿ ಹೆಚ್ಚು ನಷ್ಟವಾಗಬಾರದು. ೧೯೯೮ರಲ್ಲಿ ಸ್ಥಾಪನೆಯಾದ ವಿ.ಎಂ.ವೇರ್ ಕಂಪೆನಿಯು ಮರುವರ್ಷವೇ ಈ ವಿದ್ಯೆಯನ್ನು ಸಾಮಾನ್ಯ ಮೇಜಿನ ಕಂಪ್ಯೂಟರಿಗೆ ಇಳಿಸಿತು. ಇಂದು ದೊಡ್ಡ ದೊಡ್ಡ ಯಂತ್ರಾಗಾರಗಳಲ್ಲಿ ಯಂತ್ರವನ್ನು ಬಾಡಿಗೆಗೆ ಕೊಡುವುದೂ ಬಹುಮಟ್ಟಿಗೆ ಇದೇ ತತ್ತ್ವದ ಮೇಲೆ.

ಈ ವಂಶದ ಕಲ್ಪಿತ ಯಂತ್ರವು ಇರುವ ಯಂತ್ರವೊಂದರ ನೆರಳು. ಖಾಲಿ ಮನೆಯನ್ನು ಬಾಡಿಗೆಗೆ ಹಿಡಿದಂತೆ, ಅದರೊಳಗೆ ಆಪರೇಟಿಂಗ್ ಸಿಸ್ಟಮನ್ನು ಹೂಡಿ, ಪರಿಸರವನ್ನು ಜೋಡಿಸಿಕೊಂಡಮೇಲೆ ಪ್ರೋಗ್ರಾಂ ನಡೆಯಬೇಕು. ಇಲ್ಲಿ ಪರಿಸರವು ಯಂತ್ರದ ಒಳಗಿದೆ. ಡ್ರಾಫ್ಟಿನ ದೃಷ್ಟಾಂತದಲ್ಲಿ ಯಂತ್ರವು ಪರಿಸರದ ಒಳಗಿತ್ತು. ಗೊಂದಲಕ್ಕೆ ಮೊದಲ ಕಾರಣ ಇದೇ: ಒಂದೇ ಹೆಸರಿನ ಎರಡು ವಸ್ತುಗಳು.

ಕಾಗದದ ಮೇಲೆ ಹುಟ್ಟಿದ ಯಂತ್ರ

ಎರಡನೆಯ ವಂಶದ ಕಲ್ಪಿತ ಯಂತ್ರ ಯಾವ ಕಾರ್ಖಾನೆಯಲ್ಲಿಯೂ ತಯಾರಾಗಿರಲಿಲ್ಲ. ಅದು ಹುಟ್ಟಿದ್ದೇ ಕಾಗದದ ಮೇಲೆ. ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ನಿಕ್ಲಾಸ್ ವಿರ್ತ್ ಅವರು ೧೯೭೦ರ ಹೊತ್ತಿಗೆ ಪಾಸ್ಕಲ್ ಎಂಬ ಭಾಷೆಯನ್ನು ರೂಪಿಸಿದ್ದರು. ವಿಶ್ವವಿದ್ಯಾನಿಲಯಗಳು ಅದನ್ನು ಬಯಸಿದವು. ಆದರೆ ಒಂದೊಂದು ಕಡೆ ಒಂದೊಂದು ಜಾತಿಯ ಯಂತ್ರ. ಪ್ರತಿಯೊಂದಕ್ಕೂ ಬೇರೆ ಕಂಪೈಲರು ಬರೆದು ಕೊಡುವವರು ಯಾರು?

ಜೂರಿಚ್ಚಿನವರು ಒಂದು ಉಪಾಯ ಹೂಡಿದರು. ಎಲ್ಲಿಯೂ ಇಲ್ಲದ ಒಂದು ಸರಳ ಯಂತ್ರವನ್ನು ಕಲ್ಪಿಸಿ, ಅದರ ಆಜ್ಞೆಗಳನ್ನು ಗೊತ್ತುಮಾಡಿ, ಪಾಸ್ಕಲನ್ನು ಆ ಆಜ್ಞೆಗಳಿಗೆ ತಿರುಗಿಸುವ ಕಂಪೈಲರನ್ನು ಕಳುಹಿಸಿಕೊಟ್ಟರು. ಇದಕ್ಕೆ ಪಿ-ಕೋಡ್ ಎಂದು ಹೆಸರಾಯಿತು. ಪಡೆದವರು ಮಾಡಬೇಕಾದುದು ಒಂದೇ: ಆ ಆಜ್ಞೆಗಳನ್ನು ಓದಿ ನಡೆಸುವ ಒಂದು ಚಿಕ್ಕ ಪ್ರೋಗ್ರಾಮನ್ನು ತಮ್ಮ ಯಂತ್ರಕ್ಕೆ ಬರೆದುಕೊಳ್ಳುವುದು. ಆ ಕಂಪೈಲರಿನ ವಿವರಣೆಯ ಟಿಪ್ಪಣಿಗಳನ್ನು ಬರೆದವರಲ್ಲಿ ಮೊದಲ ಹೆಸರು ನಮ್ಮ ದೇಶದ ಕೇಶವ ನೋರಿ ಅವರದು. ಅವರು ಕಾನ್ಪುರದ ಐ.ಐ.ಟಿ.ಯಲ್ಲಿ ಪಾಠ ಹೇಳಿದವರು.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ವಿಶ್ವವಿದ್ಯಾನಿಲಯದಲ್ಲಿ ಕೆನೆತ್ ಬೋಲ್ಸ್ ಅವರು ತಮ್ಮ ವಿದ್ಯಾರ್ಥಿಗಳಿಗಾಗಿ ಇದನ್ನು ಸಣ್ಣ ಯಂತ್ರಗಳಿಗೆ ತಂದರು. ಕಡತ ಇಡುವ, ತಿದ್ದುವ, ನಡೆಸುವ ಸಾಧನಗಳನ್ನೆಲ್ಲ ಪಿ-ಕೋಡಿನ ಸುತ್ತ ಕೂಡಿಸಿದರು. ಅಂದರೆ ಯಂತ್ರಕ್ಕೆ ಪರಿಸರವೂ ಕೂಡಿತು. ೧೯೮೧ರಲ್ಲಿ ಐ.ಬಿ.ಎಂ. ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಅದರೊಡನೆ ಆರಿಸಿಕೊಳ್ಳಬಹುದೆಂದು ಹೇಳಿದ ಮೂರು ಆಪರೇಟಿಂಗ್ ಸಿಸ್ಟಂಗಳಲ್ಲಿ ಈ ಪಿ-ಸಿಸ್ಟಂ ಒಂದು.

ಇಲ್ಲಿ ಕನ್ನಡಿಗರೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗುವುದು ಸಲ್ಲದು. ಶಿಡ್ಲಘಟ್ಟದಲ್ಲಿ ಹುಟ್ಟಿ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ೧೯೬೯ರಲ್ಲಿ ಕಾನ್ಪುರದ ಐ.ಐ.ಟಿ.ಯಿಂದ ಸ್ನಾತಕೋತ್ತರ ಪದವಿ ಪಡೆದ ಎನ್. ಆರ್. ನಾರಾಯಣಮೂರ್ತಿಯವರು ಆಮೇಲೆ ಅಹಮದಾಬಾದಿನ ಐ.ಐ.ಎಂ.ನಲ್ಲಿ ಕೆಲಸಕ್ಕೆ ಸೇರಿದರು. ಇನ್ಫೋಸಿಸ್ಸಿಗಿಂತ ಎಷ್ಟೋ ವರ್ಷ ಹಿಂದಿನ ಮಾತು ಇದು. ಹೈದರಾಬಾದಿನ ಇ.ಸಿ.ಐ.ಎಲ್. ಕಂಪೆನಿಯ ಯಂತ್ರಕ್ಕಾಗಿ ಬೇಸಿಕ್ ಭಾಷೆಯ ಇಂಟರ್‌ಪ್ರಿಟರನ್ನು ಅವರು ರಚಿಸಿದರು. ಇಂಟರ್‌ಪ್ರಿಟರ್ ಎಂದರೆ ಪ್ರೋಗ್ರಾಮಿನ ಒಂದೊಂದು ಆಜ್ಞೆಯನ್ನೂ ನಡೆಸುವ ಹೊತ್ತಿನಲ್ಲಿಯೇ ಓದಿ ಅರ್ಥಮಾಡಿ ನೆರವೇರಿಸುವ ದುಭಾಷಿ. ಕಲ್ಪಿತ ಯಂತ್ರದ ಹೃದಯವೇ ಅದು. ಪರಊರಿನಲ್ಲಿದ್ದ ಕನ್ನಡಿಗನೊಬ್ಬ ಮತ್ತೊಂದು ಪರಊರಿನ ಯಂತ್ರಕ್ಕೆ ದುಭಾಷಿಯನ್ನು ಮಾಡಿಕೊಟ್ಟುದು ಹೊರನಾಡಿನವರಾದ ನಮಗೆ ಹೆಮ್ಮೆಯ ವಿಷಯವಲ್ಲವೆ?

ಜಾವಾ: ಎರಡೂ ಕೂಡಿದ ಕಡೆ

ನಮ್ಮ ಸಂಘದ ಪ್ರಸಂಗಕ್ಕೆ ಕಾರಣವಾದ ಜಾವಾಕ್ಕೆ ಈಗ ಬಂದೆವು. ಅಮೆರಿಕದ ಸನ್ ಮೈಕ್ರೋಸಿಸ್ಟಂಸ್ ಕಂಪೆನಿಯಲ್ಲಿ ೧೯೯೧ರಲ್ಲಿ ಕೆಲವರು ಸೇರಿ, ಮನೆಬಳಕೆಯ ಸಾಧನಗಳಿಗೆ ಪ್ರೋಗ್ರಾಂ ಬರೆಯುವ ಯೋಜನೆಯೊಂದನ್ನು ಕೈಗೊಂಡರು. ಟೆಲಿವಿಷನ್ ಮುಂತಾದವುಗಳೊಳಗಿನ ಚಿಪ್ಪುಗಳು ಬಗೆಬಗೆಯವು. ಅಗ್ಗವಾದುದು ಸಿಕ್ಕಿದರೆ ತಯಾರಕರು ಬದಲಾಯಿಸಿಯೂ ಬಿಡುತ್ತಾರೆ. ಆದುದರಿಂದ ಜೇಮ್ಸ್ ಗಾಸ್ಲಿಂಗ್ ಅವರು ಯಾವ ಚಿಪ್ಪಿಗೂ ಕಟ್ಟುಬೀಳದ ಭಾಷೆಯೊಂದನ್ನು ರಚಿಸಿದರು. ಕಚೇರಿಯ ಕಿಟಕಿಯ ಹೊರಗಿದ್ದ ಓಕ್ ಮರದ ಹೆಸರನ್ನೇ ಮೊದಲು ಅದಕ್ಕೆ ಇಟ್ಟಿದ್ದರು. ೧೯೯೫ರ ಮೇ ತಿಂಗಳಲ್ಲಿ ಅದು ಜಾವಾ ಎಂಬ ಹೆಸರಿನಿಂದ ಲೋಕಕ್ಕೆ ಪ್ರಕಟವಾಯಿತು. ೧೯೯೬ರ ಜನವರಿಯಲ್ಲಿ ಮೊದಲ ಆವೃತ್ತಿ ಕೈಗೆ ಬಂತು. ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ನಡೆಸಿರಿ ಎಂಬುದು ಅದರ ಘೋಷಣೆ. ನಮ್ಮ ಡ್ರಾಫ್ಟಿನ ತತ್ತ್ವವೇ ತಾನೆ!

ಜಾವಾದಲ್ಲಿ ಬರೆದುದನ್ನು ಕಂಪೈಲರು ಬೈಟ್‌ಕೋಡ್ ಎಂಬ ಆಜ್ಞೆಗಳಿಗೆ ತಿರುಗಿಸುತ್ತದೆ. ಇದೇ ಡ್ರಾಫ್ಟು. ಅಂಥ ಪ್ರತಿಯೊಂದು ಕಡತದ ಮೊದಲ ನಾಲ್ಕು ಬೈಟುಗಳಲ್ಲಿ ಒಂದು ಗುರುತು ಇರಲೇಬೇಕು. ಹದಿನಾರರ ಎಣಿಕೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳಾಗಿ ಬಳಸುವುದರಿಂದ, ಆ ಗುರುತನ್ನು 'ಕೆಫೆ ಬೇಬ್' ಎಂದು ಓದಬಹುದು. ಡ್ರಾಫ್ಟಿನ ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುವ ನೀರಚ್ಚಿನಂತೆ ಇದು. ಗುರುತಿಲ್ಲದಿದ್ದರೆ ಜಾವಾದ ಕಲ್ಪಿತ ಯಂತ್ರವು ಕಡತವನ್ನು ಹಿಂದಕ್ಕೆ ತಳ್ಳುತ್ತದೆ. ಗುರುತಿದ್ದರೂ ಒಳಗಿನ ಆಜ್ಞೆಗಳು ನಿಯಮಬದ್ಧವಾಗಿವೆಯೆ ಎಂದು ಪರೀಕ್ಷಿಸಿದ ಮೇಲೆಯೇ ಮುಂದಿನ ಕೆಲಸ. ಮೊದಮೊದಲು ಒಂದೊಂದೇ ಆಜ್ಞೆಯನ್ನು ಓದಿ ನಡೆಸುತ್ತಿದ್ದುದರಿಂದ ನಿಧಾನವೆಂಬ ಅಪವಾದವಿತ್ತು. ೧೯೯೯ರಲ್ಲಿ ಬಂದ ಹಾಟ್‌ಸ್ಪಾಟ್ ಎಂಬುದು ಮತ್ತೆ ಮತ್ತೆ ಬರುವ ಭಾಗಗಳನ್ನು ಗುರುತಿಸಿ, ಅವನ್ನು ನಡೆಯುತ್ತಿರುವಾಗಲೇ ಯಂತ್ರದ ಸ್ವಂತ ಭಾಷೆಗೆ ತಿರುಗಿಸತೊಡಗಿತು.

ಸನ್ ಕಂಪೆನಿಯವರು ಹೆಸರುಗಳನ್ನು ವಿಂಗಡಿಸಿ ಇಟ್ಟುದು ನಮ್ಮ ಪಾಲಿಗೆ ಉಪಕಾರವಾಯಿತು. ಜೆ.ವಿ.ಎಂ. ಎಂದರೆ ಕಲ್ಪಿತ ಯಂತ್ರ, ಗುಮಾಸ್ತ. ಜೆ.ಆರ್.ಇ. ಎಂದರೆ ಆ ಯಂತ್ರದೊಡನೆ ಸಿದ್ಧ ಕ್ರಮಗಳ ಭಂಡಾರವೂ ಇತರ ಉಪಕರಣಗಳೂ ಕೂಡಿದ ಪರಿಸರ, ಶಾಖೆ. ಜೆ.ಡಿ.ಕೆ. ಎಂದರೆ ಇವೆಲ್ಲವುಗಳ ಜೊತೆಗೆ ಕಂಪೈಲರೂ ಸೇರಿದುದು. ಡ್ರಾಫ್ಟನ್ನು ಬರೆದುಕೊಡುವ ಅಧಿಕಾರವೂ ಉಳ್ಳ ಕಚೇರಿ. ಇಂಗ್ಲೆಂಡಿನ ಆ ಕಾಗದದ ಪಟ್ಟಿಗಳ ಬೀರು ಮತ್ತು ಜೂರಿಚ್ಚಿನ ಆ ಕಾಗದದ ಯಂತ್ರ, ಎರಡೂ ಇಲ್ಲಿ ಒಂದೇ ಸೂರಿನಡಿ ಸೇರಿದವು.

೨೦೧೦ರಲ್ಲಿ ಆರಕಲ್ ಕಂಪೆನಿಯು ಸನ್ ಕಂಪೆನಿಯನ್ನು ಕೊಂಡುಕೊಂಡಿತು. ೨೦೧೮ರಲ್ಲಿ ಬಂದ ಜಾವಾ ೧೧ರಿಂದ ಮುಂದೆ ಆರಕಲ್ ಜೆ.ಆರ್.ಇ.ಯನ್ನು ಬೇರೆಯಾಗಿ ಕೊಡುವುದನ್ನು ನಿಲ್ಲಿಸಿತು. ಅದಕ್ಕೆ ಹಿಂದಿನ ವರ್ಷವೇ ಬಂದ ಒಂದು ಸಾಧನದಿಂದ, ಪ್ರೋಗ್ರಾಂ ಬರೆದವರು ತಮಗೆ ಬೇಕಾದಷ್ಟೇ ಪರಿಸರವನ್ನು ತಾವೇ ಕಟ್ಟಿ ಪ್ರೋಗ್ರಾಮಿನೊಡನೆ ಕಳುಹಿಸುವುದು ಸಾಧ್ಯವಾಗಿತ್ತು. ಗಿರಾಕಿಯ ಊರಿನಲ್ಲಿ ಶಾಖೆಯಿದೆಯೋ ಇಲ್ಲವೋ ಎಂಬ ಅನುಮಾನವೇ ಬೇಡ, ಶಾಖೆಯನ್ನೂ ಜೊತೆಗೇ ಕಳುಹಿಸಿರಿ ಎಂದಂತಾಯಿತು.

ಹೆಸರಿನ ಗೊಂದಲ

ಇಷ್ಟು ಸ್ಪಷ್ಟವಾಗಿದ್ದರೂ ಬಲ್ಲವರೂ ಈ ಎರಡು ಮಾತುಗಳನ್ನು ಬೆರೆಸಿ ಆಡುವುದುಂಟು. ಅದರಲ್ಲಿ ಕಂಪೆನಿಗಳ ಪಾಲೂ ಇದೆ. ಮೈಕ್ರೋಸಾಫ್ಟ್ ಕಂಪೆನಿಯು ೨೦೦೨ರಲ್ಲಿ ಡಾಟ್ ನೆಟ್ ಎಂಬುದನ್ನು ಹೊರತಂದಿತು. ಅದರೊಳಗೂ ನಡುಭಾಷೆಯ ಆಜ್ಞೆಗಳಿವೆ, ಅವನ್ನು ನಡೆಸುವ ಕಲ್ಪಿತ ಯಂತ್ರವಿದೆ. ಆದರೆ ಅದಕ್ಕೆ ಅವರು ಇಟ್ಟ ಹೆಸರು 'ಕಾಮನ್ ಲಾಂಗ್ವೇಜ್ ರನ್‌ಟೈಮ್'. ಗುಮಾಸ್ತನನ್ನೇ ಶಾಖೆಯೆಂದು ಕರೆದ ಹಾಗೆ!

ನಮ್ಮೆಲ್ಲರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿಯೂ ಇದೇ ಕಥೆ. ಮೊದಲು ಅದರಲ್ಲಿದ್ದುದು ಡಾಲ್ವಿಕ್ ಎಂಬ ವರ್ಚುಯಲ್ ಮೆಷೀನ್. ಐಸ್‌ಲ್ಯಾಂಡಿನ ಒಂದು ಊರಿನ ಹೆಸರು ಅದು. ೨೦೧೪ರ ಆಂಡ್ರಾಯ್ಡ್ ೫ರಲ್ಲಿ ಅದರ ಜಾಗಕ್ಕೆ ಬಂದುದರ ಹೆಸರು 'ಆಂಡ್ರಾಯ್ಡ್ ರನ್‌ಟೈಮ್'. ಒಂದೇ ಕುರ್ಚಿಯಲ್ಲಿ ನಿನ್ನೆ ಕುಳಿತವನಿಗೆ ಮೆಷೀನ್ ಎಂದು ಹೆಸರು, ಇಂದು ಕುಳಿತವನಿಗೆ ರನ್‌ಟೈಮ್ ಎಂದು ಹೆಸರು. ಆದುದರಿಂದ ಹೆಸರನ್ನು ನಂಬದೆ ಕೆಲಸವನ್ನು ನೋಡಬೇಕು. ಆಜ್ಞೆಯನ್ನು ಓದಿ ನಡೆಸುವುದು ಯಾವುದು? ಅದು ಯಂತ್ರ. ನಡೆಸಲು ಸುತ್ತ ಏನೇನು ಬೇಕು? ಅದು ಪರಿಸರ.

ಗಂಟುಮೂಟೆ

ಈಚಿನ ಎರಡು ಬೆಳವಣಿಗೆಗಳು ಈ ಭೇದವನ್ನು ಇನ್ನೂ ಚೆನ್ನಾಗಿ ತೋರಿಸುತ್ತವೆ. ೨೦೧೩ರಲ್ಲಿ ಪ್ರಕಟವಾದ ಡಾಕರ್ ಎಂಬ ಸಾಧನದ ಹುರುಳೆಂದರೆ ಯಂತ್ರವನ್ನು ಬಿಟ್ಟು ಪರಿಸರವನ್ನೇ ಗಂಟುಕಟ್ಟಿ ಒಯ್ಯುವುದು. ಪ್ರೋಗ್ರಾಂ, ಅದಕ್ಕೆ ಬೇಕಾದ ಭಂಡಾರ, ಕಡತಗಳು ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿಡುತ್ತಾರೆ. ಆಪರೇಟಿಂಗ್ ಸಿಸ್ಟಮಿನ ತಿರುಳನ್ನು ಮಾತ್ರ ಹೋದ ಊರಿನಲ್ಲಿ ಇದ್ದುದನ್ನೇ ಬಳಸುತ್ತಾರೆ. ಮನೆಯನ್ನು ಹೊತ್ತು ತರಲಾರದೆ, ಚಟ್ನಿಪುಡಿ, ಉಪ್ಪಿನಕಾಯಿ, ಒರಳುಕಲ್ಲು, ದೇವರ ಪೆಟ್ಟಿಗೆಗಳನ್ನು ಹೊತ್ತು ಈ ಊರಿಗೆ ಬಂದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ ಅಲ್ಲವೆ?

ಇದಕ್ಕೆ ವಿರುದ್ಧವಾದುದು ೨೦೧೯ರ ಡಿಸೆಂಬರಿನಲ್ಲಿ ಅಧಿಕೃತ ಮಾನಕವಾದ ವೆಬ್‌ಅಸೆಂಬ್ಲಿ. ಇದು ಶುದ್ಧ ಕಲ್ಪಿತ ಯಂತ್ರ. ಲೆಕ್ಕದಲ್ಲಿ ಬಹು ಚುರುಕು. ಆದರೆ ಪರದೆಯ ಮೇಲೆ ಒಂದು ಅಕ್ಷರ ಮೂಡಿಸುವ ಶಕ್ತಿಯೂ ತಾನಾಗಿ ಅದಕ್ಕಿಲ್ಲ. ಆಶ್ರಯ ಕೊಟ್ಟ ಪರಿಸರವು ಯಾವ ಬಾಗಿಲು ತೆರೆದರೆ ಅದರ ಮೂಲಕವೇ ಹೊರಗಿನ ಲೋಕವನ್ನು ಅದು ಮುಟ್ಟಬೇಕು.

ಚೌಕದೊಳಗಿನ ಹೆಸರು

ಈಗ ಅಜ್ಜಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಲೋಕದ ಲಿಪಿಗಳಿಗೆಲ್ಲ ಒಂದೊಂದು ಅಂಕಿಯನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಏರ್ಪಾಡಿನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 'ಕ' ಎಂಬ ಅಕ್ಷರದ ಸಂಖ್ಯೆ ಹದಿನಾರರ ಎಣಿಕೆಯಲ್ಲಿ ೦ಸಿ೯೫. ಜಾವಾ ಹುಟ್ಟಿನಿಂದಲೇ ಯೂನಿಕೋಡನ್ನು ಒಪ್ಪಿಕೊಂಡ ಭಾಷೆ. ಆದುದರಿಂದ ಕಲ್ಪಿತ ಯಂತ್ರದೊಳಗೆ ಆ ಹೆಸರು ಒಂದಕ್ಷರವೂ ಕೆಡದೆ ಭದ್ರವಾಗಿಯೇ ಇತ್ತು. ಹುಡುಗನ ಮನೆಯಲ್ಲಿ ಹೇಗಿತ್ತೋ ಸಂಘದಲ್ಲಿಯೂ ಹಾಗೆಯೇ ಇತ್ತು.

ಆದರೆ ೦ಸಿ೯೫ಎಂಬುದು ಕಣ್ಣಿಗೆ 'ಕ' ಆಗಿ ಕಾಣಬೇಕಾದರೆ ಅಕ್ಷರದ ಆಕಾರವಿರುವ ಫಾಂಟು ಬೇಕು. ಒತ್ತಕ್ಷರವನ್ನು ಕೆಳಗೆ, ಗುಣಿತದ ಚಿಹ್ನೆಯನ್ನು ಪಕ್ಕಕ್ಕೆ ಜೋಡಿಸುವ ಸಾಧನವೂ ಬೇಕು. ಜಾವಾದಲ್ಲಿ ೨೦೧೭ರ ೯ನೆಯ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬುದು ಆ ಕೆಲಸ ಮಾಡುತ್ತಿದೆ. ಇವು ಯಂತ್ರಕ್ಕೆ ಸೇರಿದವಲ್ಲ, ಪರಿಸರಕ್ಕೆ ಸೇರಿದವು. ಜೋಡಿಸುವ ಸಾಧನವಿತ್ತು, ಸಂಘದ ಆ ಹಳೆಯ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಕನ್ನಡ ಸಂಘದ ಯಂತ್ರದಲ್ಲಿ ಕನ್ನಡದ ಅಕ್ಷರವಿಲ್ಲವೆಂಬುದು ಅಷ್ಟು ದಿನ ನಮ್ಮಲ್ಲಿ ಒಬ್ಬರ ಗಮನಕ್ಕೂ ಬಂದಿರಲಿಲ್ಲ. ದೋಷ ಹುಡುಗನದಲ್ಲ, ಜಾವಾದ್ದೂ ಅಲ್ಲ, ನಮ್ಮದು.

ಚಹಾದ ವಿರಾಮದಲ್ಲಿ ಹುಡುಗನು ಫಾಂಟನ್ನು ತರಿಸಿ ಹಾಕಿದನು. ಆಮೇಲೆ ಹೆಸರುಗಳು ಒಂದೊಂದಾಗಿ ಮೂಡಿದವು. ಯಜಮಾನರ ಹೆಸರು ಬಂದಾಗ ಅಜ್ಜಿ ಎದ್ದು ನಿಂತರು. ಪಕ್ಕದಲ್ಲಿದ್ದ ಮೊಮ್ಮಗನ ಭುಜ ಹಿಡಿದು, "ಓದು, ನಿಮ್ಮ ಅಜ್ಜಾರ ಹೆಸರು" ಎಂದರು. ಹುಡುಗ ಹತ್ತು ಹನ್ನೆರಡು ವರ್ಷದವನು. ಮನೆಯಲ್ಲಿ ಅಜ್ಜಿಯೊಡನೆ ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ಪರದೆಯನ್ನು ನೋಡಿದನು, ಅಜ್ಜಿಯ ಮುಖವನ್ನು ನೋಡಿದನು, ಸುಮ್ಮನೆ ನಿಂತನು. ಅವನಿಗೆ ಕನ್ನಡ ಓದಲು ಬಾರದು. ಮಾತು ಅವನೊಳಗೆ ಕೆಡದೆ ಇತ್ತು. ಅಕ್ಷರಕ್ಕೆ ಬೇಕಾದ ಪರಿಸರವನ್ನು ನಾವು ಯಾರೂ ಅವನಿಗೆ ಒದಗಿಸಿರಲಿಲ್ಲ.

ಪರದೆಯ ಮೇಲಿನ ಚೌಕಗಳನ್ನು ಅಳಿಸಲು ಒಂದು ವಿರಾಮದ ಹೊತ್ತು ಸಾಕಾಯಿತು. ಈ ಇನ್ನೊಂದಕ್ಕೆ ಹೆಚ್ಚು ಕಾಲ ಬೇಕು. ಸಂಘದಲ್ಲಿ ಭಾನುವಾರದ ಕನ್ನಡ ತರಗತಿಯನ್ನು ಮತ್ತೆ ತೆರೆದಿದ್ದೇವೆ. ನಾವೂ ಸರದಿಯಂತೆ ಪಾಠ ಹೇಳುತ್ತೇವೆ. ಲೆಡ್ಜರು ಬರೆದು ರೂಢಿಯಾದ ಅಕ್ಷರ, ಮಕ್ಕಳಿಗೆ ಓದಲು ತೊಡಕಿಲ್ಲ. ಆ ಮೊಮ್ಮಗ ತಪ್ಪದೆ ಬರುತ್ತಾನೆ. ಕಾಗುಣಿತ ಮುಗಿದಿದೆ, ಈಗ ಒತ್ತಕ್ಷರ ನಡೆಯುತ್ತಿದೆ. ಈ ರಾಜ್ಯೋತ್ಸವದಲ್ಲಿಯೂ ಹೆಸರುಗಳು ಪರದೆಯ ಮೇಲೆ ಬರುತ್ತವೆ. ತಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕುಳ್ಳಿರಿಸಬೇಕೆಂದೂ, ಓದಲು ಬಾರದಿದ್ದರೆ ಮುಂದಿನ ಭಾನುವಾರವೇ ತರಗತಿಗೆ ಕಳುಹಿಸಬೇಕೆಂದೂ ಸದಸ್ಯ ಬಂಧುಗಳಲ್ಲಿ ಪ್ರಾರ್ಥಿಸುತ್ತೇವೆ.